ವಾಲಾಡಿದ ಪುಲ್ಲಿ, ಬೋಗಸ್ ಸೀಮೆಸುಣ್ಣ

"ಇನ್ನು ಮುಂದೆ ನನ್ನ ಕಾರಿನ ಬಾನೆಟ್ಟನ್ನು ನನ್ನ ಹೊರತು ಯಾವ ನರಮನುಷ್ಯನೂ ಎತ್ತಕೂಡದು!"

ಸೇಡಂನ ನಮ್ಮ ಓಣಿಗೆಲ್ಲ ಕೇಳಿಸುವಂತೆ ಹೀಗೆ ಘೋಷಿಸಿಬಿಟ್ಟೆ. ಎಂಜಿನ್ ರಿಪೇರಿಯ ವಿಡಿಯೊ ನೋಡಿ ನೋಡಿ ನನಗೆ ಜ್ಞಾನೋದಯವಾಗಿತ್ತು. ಕಾರೂ ಅದಕ್ಕೆ ಸರಿಯಾಗಿ 'ಕಿರ್ರ್, ಟಕಟಕ' ಎನ್ನತೊಡಗಿತ್ತು.

ಆದರೆ ಅವತ್ತೇ ಅತ್ತೆ ಅಮೃತಮ್ಮನವರನ್ನು ಕಲಬುರಗಿಗೆ ಕರೆದೊಯ್ಯಬೇಕಿತ್ತು. ಹಿಂದಿನ ದಿನವಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ. ಪಟ್ಟಿ ಬಿಚ್ಚುವ ಡಾಕ್ಟರು ಮಧ್ಯಾಹ್ನದ ರೈಲಿಗೆ ಹೊರಟುಬಿಡುವವರು!

ಎಂಜಿನ್ ಚಾಲೂ ಮಾಡಿ ಬಗ್ಗಿ ನೋಡಿದೆ. ಬೆಲ್ಟ್ ತಿರುಗಿಸುವ ಕೆಳಗಿನ ದೊಡ್ಡ ಗಾಲಿ, ಕ್ರ್ಯಾಂಕ್‌ಶಾಫ್ಟಿನ ತುದಿಗೆ ಬಿಗಿದ ಪುಲ್ಲಿ, ಬ್ಯಾಂಡಿನ ಮುಂದೆ ಕುಣಿಯುವ ಸೋದರಮಾವನಂತೆ ಅತ್ತಿತ್ತ ವಾಲುತ್ತಿತ್ತು!

ಶಾಲೆಯಲ್ಲಿ ಲೆಕ್ಕದ ಟೀಚರಾದ ನನ್ನ ಹೆಂಡತಿ ಶೈಲಶ್ರೀಯೂ ಇಣುಕಿದಳು.

"ಏನ್ರಿ, ಆ ಗಾಲಿ ವಾಲಾಡ್ಲಿಕತ್ತದ. ಗ್ಯಾರೇಜಿಗಿ ಒಯ್ರಿ."

"ಶಾಫ್ಟ್ ಬಾಗ್ಯದೋ, ಬರೇ ಗಾಲಿ ಕೆಟ್ಟದೋ ನಾನೇ ಹೇಳ್ತೀನಿ! ಒಂದು ಸೀಮೆಸುಣ್ಣ ಕೊಡು!"

ಎಂಜಿನ್ ನಿಲ್ಲಿಸಿ, ಪುಲ್ಲಿಯ ನಡುವಿನಿಂದ ಹೊರಬಳೆಯವರೆಗೆ ಒಂದೇ ನೇರ ಗೆರೆ ಎಳೆದೆ. ನಡುವನ್ನೂ ಬಳೆಯನ್ನೂ ಹಿಡಿದಿಡುವುದು ಒಂದು ರಬ್ಬರು. ಎಂಜಿನ್ ಓಡಿದ ಮೇಲೂ ಗೆರೆ ನೆಟ್ಟಗಿದ್ದರೆ ರಬ್ಬರು ಗಟ್ಟಿ, ತುಂಡಾದರೆ ರಬ್ಬರು ಬಿಟ್ಟಿದೆ. ವಿಡಿಯೊದವನು ಹೇಳಿದ್ದು ಅಷ್ಟೇ.

ಓಡಿಸಿ, ನಿಲ್ಲಿಸಿ, ನೋಡಿದೆ. ಒಳಗಿನ ಗೆರೆ ಇಲ್ಲಿ, ಹೊರಗಿನ ಗೆರೆ ಅಂಗೈ ಅಗಲ ಆಚೆ! ನಾನು ಗಂಭೀರವಾಗಿ ತೀರ್ಪಿತ್ತೆ:

"ಸೀಮೆಸುಣ್ಣ ಬೋಗಸ್ ಅದ!"

"ಇದೇ ಸೀಮೆಸುಣ್ಣದಾಗ ನಾ ಇಡೀ ಸಾಲಿಗಿ ಲೆಕ್ಕ ಕಲಸ್ತೀನ್ರಿ. ಅಲ್ಲಿ ಎಂದೂ ತಪ್ಪಿಲ್ಲ ಅದು!"

"ಬೋರ್ಡ್ ಬ್ಯಾರೆ, ಎಂಜಿನ್ ಬ್ಯಾರೆ! ತಪ್ಪೆಲ್ಲಾ ಬೆಲ್ಟಿಂದು!" ಎಂದು ಬೆಲ್ಟನ್ನೇ ಇನ್ನಷ್ಟು ಬಿಗಿದು, ಅತ್ತೆಯನ್ನೂ ಶೈಲಶ್ರೀಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ಹೊರಟೆ.

ಮಳಖೇಡದ ಹತ್ತಿರ 'ಫಟ್!' ಬೆಲ್ಟ್ ಹಾರಿತು, ಕೆಂಪು ದೀಪಗಳು ಹತ್ತಿದವು, ಎಂಜಿನ್ ಕುದಿಯಿತು. ಕಾರಿನಡಿ ನುಸುಳಿ ಪುಲ್ಲಿಗೆ ಕೈಹಚ್ಚಿದೆನೋ ಇಲ್ಲವೋ, ಹೊರಬಳೆ ಕಳಚಿ ನನ್ನ ಹೊಟ್ಟೆಯ ಮೇಲೆ ಬಿತ್ತು! ಶಾಫ್ಟು ನೆಟ್ಟಗೇ ಇತ್ತು. ಬಾಗಿದ್ದು ನನ್ನ ಬುದ್ಧಿ.

"ಶೈಲಾ, ದವಾಖಾನಿ ಬಂತೇನವ್ವ?" ಅತ್ತೆ ಕೇಳಿದರು.

"ಇಲ್ಲವ್ವ, ಗಾಡಿ ಹೋಯ್ತು."

ಕೈಮಾಡಿದ ಬಸ್ಸುಗಳೆಲ್ಲ ತುಂಬಿ ತುಳುಕುತ್ತಿದ್ದವು. ಡಾಕ್ಟರ ರೈಲು ನನ್ನ ಎದೆಯೊಳಗೇ ಓಡತೊಡಗಿತು. ಅಷ್ಟರಲ್ಲಿ ಶಾಮಿಯಾನಾ, ಕುರ್ಚಿ ಹೇರಿಕೊಂಡ ಟೆಂಪೊ ನಿಂತಿತು. ಮಾಲೀಕ ಮಜೀದಸಾಬ ಇಳಿದು ಅತ್ತೆಯ ಪಟ್ಟಿ ನೋಡಿದರು. ಅವರು ಹೊರಟಿದ್ದು ಬೇರೆ ದಿಕ್ಕಿನ ಚಿತ್ತಾಪುರದ ಮದುವೆಗೆ.

"ಹತ್ರಿ ಹತ್ರಿ! ಕಲಬುರಗಿಗಿ ಬಿಟ್ಟು ಬರ್ತೀನಿ."

"ನಿಮ್ಮ ಮದಿವಿ ಮಂದಿ ಕುಂದ್ರಬ್ಯಾಕಲ್ರಿ?" ಎಂದೆ.

"ಜರಾ ನಿಂದರ್ತಾರ ತಗೋರಿ! ಮದಿವಿಗಿಂತ ಅಮ್ಮಾರ ಕಣ್ಣು ದೊಡ್ಡದು."

ಹೆಂಗಸರಿಬ್ಬರೂ ಮುಂದೆ. ನಾನು ಹಿಂದೆ, ಕುರ್ಚಿಗಳ ಗುಡ್ಡದ ಮೇಲೆ. ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಿಂದ ಆ ಪುಣ್ಯಾತ್ಮನ ಬೆನ್ನಿಗೆ ದಾರಿಯುದ್ದಕ್ಕೂ ನಮಸ್ಕಾರ ಮಾಡುತ್ತಲೇ ಹೋದೆ. ಡಾಕ್ಟರು ಚೀಲ ಹೆಗಲಿಗೇರಿಸುತ್ತಿದ್ದಾಗ ಒಳಗೆ ನುಗ್ಗಿದೆವು!

ಪಟ್ಟಿ ಬಿಚ್ಚಿದರು. ಅತ್ತೆ ಮೆಲ್ಲಗೆ ಕಣ್ಣು ತೆರೆದು ಮಗಳನ್ನೇ ದಿಟ್ಟಿಸಿದರು.

"ಶೈಲಾ, ಭಾಳ ಸ್ವಚ್ಛ ಕಾಣ್ಲಿಕತ್ತೀಯವ್ವ!"

ನನ್ನ ಕಣ್ಣೂ ತುಂಬಿ ಬಂತು. ಮಜೀದಸಾಬರ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ. ಆಗ ಆ ಹೊಸ ಕಣ್ಣು ಗ್ರೀಸು, ಮಸಿ ಬಳಿದುಕೊಂಡು ನಿಂತಿದ್ದ ನನ್ನ ಕಡೆ ತಿರುಗಿತು.

"ಪಾಪ, ಈ ಗಾಡಿ ರಿಪೇರಿ ಮಿಸ್ತ್ರಿ ಇಲ್ಲೀತನಕ ಬಂದಾನ. ಚಾ ಕುಡಿಸಿ ಕಳಸವ್ವ. ಅಳಿಯಾರು ಎಲ್ಲದಾರ?"

ಶೈಲಶ್ರೀ ಸೆರಗಿನಿಂದ ನನ್ನ ಮುಖ ಒರೆಸುತ್ತ ಅಂದಳು:

"ಇವರೇ ಅಳಿಯಾರವ್ವ. ಮಿಸ್ತ್ರಿ ಆಗಿದ್ರ ನಾವು ಕಾರಿನಾಗೇ ಬರ್ತಿದ್ವಿ!"