ಲಾರಿಯೊಳಗಿದ್ದ ಯಜಮಾನರು

ಹಳೇ ಲಾರಿ ರಿಪೇರಿ ಮಾಡೋನ ಹತ್ರ ಜನ ಬರೀ ಲಾರಿ ತರೋದಿಲ್ಲ, ಅದರ ಜೊತೆ ಒಂದು ದೆವ್ವವನ್ನೂ ತರ್ತಾರೆ. ಹೊಸೂರಿಂದ ಬೇರಿಕೆಗೆ ಹೋಗೋ ದಾರಿಯಲ್ಲಿ ನನ್ನ ಶೆಡ್ಡು. ಎರಡು ಸಾವಿರದ ಇಸವಿ ಕಳೆದ ಮೇಲೆ ಅನುಕೂಲ ಇದ್ದೋರೆಲ್ಲ ಹೊಸ ಲಾರಿ ತಗೊಂಡ್ರು, ಮೂತಿ ಮುಂದಕ್ಕೆ ಚಾಚಿಕೊಂಡಿರೋ ಹಳೇವೆಲ್ಲ ನನ್ನ ಪಾಲಿಗೆ ಬಂದ್ವು. ಒಂದು ತಾನಾಗೇ ಹಾರನ್ ಹೊಡ್ಕೊಳ್ತದೆ ಅಂತಾರೆ, ಇನ್ನೊಂದಕ್ಕೆ ತಾನಾಗೇ ಲೈಟ್ ಹತ್ತುತ್ತೆ ಅಂತಾರೆ. ನನಗೆ ಸಿಟ್ಟು ಬೇಗ. "ವಯರು ಎಲ್ಲಿ ಉಜ್ಜಿದೆ ಅಂತ ನೋಡಿದ್ರಾ, ಇಲ್ಲಾ ನೇರವಾಗಿ ಮಂತ್ರವಾದಿ ಹತ್ರಾನೇ ಹೋದ್ರಾ?" ಅಂತ ಬೈದು ಕಳಿಸ್ತಿದ್ದೆ.

ಒಂದೇ ಒಂದು ಲಾರಿ ಮಾತ್ರ ನನ್ನ ಬಾಯಿ ಮುಚ್ಚಿಸ್ತು. ಅದರ ಯಜಮಾನರು ಜೀವಮಾನವೆಲ್ಲ ಅದನ್ನ ತಾವೇ ಓಡಿಸಿದ್ರು. ಕೃಷ್ಣಗಿರಿ ಕಡೆಯಿಂದ ಕಲ್ಲು ಹೊತ್ರು, ಮಾವಿನ ಕಾಲದಲ್ಲಿ ಮಾವು ಹೊತ್ರು. ಒಂದು ಮಧ್ಯಾಹ್ನ ಊಟ ಮಾಡಿ, ಉಸ್ಸಪ್ಪಾ ಅಂತ ಮಲಗಿದೋರು ಏಳಲೇ ಇಲ್ಲ. ಲಾರಿ ಮನೆ ಪಕ್ಕದ ಹುಣಸೆ ಮರದ ಕೆಳಗೆ ನಿಂತ್ಕೊಳ್ತು. ಮಗ ಮೂಕಂಡಪಲ್ಲಿಯಲ್ಲಿ ಫ್ಯಾಕ್ಟ್ರಿ ಕೆಲಸದಲ್ಲಿದ್ದ. ಲಾರಿಯನ್ನ ಗುಜರಿಗೆ ಕೊಡೋಣ ಅಂದ. ಅವನ ತಾಯಿ, ನಾನು ದೊಡ್ಡಮ್ಮ ಅಂತಿದ್ದೆ, ಬಿಲ್ಕುಲ್ ಒಪ್ಪಲಿಲ್ಲ.

"ನಿಮ್ಮಪ್ಪ ಅದರೊಳಗೇ ಅವ್ರೆ ಕಣ್ಲಾ. ಅವರನ್ನ ತುಂಡು ಮಾಡೋಕೆ ಕೊಡ್ತೀಯಾ?"

ಮಗ ನನ್ನನ್ನ ನಡುವೆ ಎಳೆದ. ಮೆಕ್ಯಾನಿಕ್ ಅಣ್ಣ ಪೂರ್ತಿ ನೋಡಿ, ಒಳಗೆ ಯಾರೂ ಇಲ್ಲ ಅಂದ್ರೆ ಕೊಡ್ತೀಯಾ ಅಂತ ಅಮ್ಮನ್ನ ಕೇಳ್ದ. ದೊಡ್ಡಮ್ಮ ನನ್ನ ಮುಖ ನೋಡಿದ್ರು. "ಅವನು ಸುಳ್ಳು ಹೇಳಲ್ಲ. ಇಲ್ಲ ಅಂದ್ರೆ ಕೊಟ್ಬುಡು" ಅಂದ್ರು. ಹಂಗೆ ಸತ್ತೋರ ಲೆಕ್ಕ ನನ್ನ ತಲೆ ಮೇಲೆ ಬಿತ್ತು.

ಊಟದ ಮೇಲಿನ ಉಸಿರು

ಮೊದಲನೇ ದೂರು, ಲಾರಿ ಉಸಿರು ಬಿಡುತ್ತೆ ಅನ್ನೋದು. ಮಧ್ಯಾಹ್ನ ಹೋಗಿ ಹುಣಸೆ ಮರದ ಕೆಳಗೆ ಕೂತೆ. ಗಾಳಿ ಇಲ್ಲ, ಒಂದು ಎಲೆ ಅಲ್ಲಾಡ್ತಿಲ್ಲ, ಕಾಗೆ ಕೂಡ ಸುಮ್ನಿದೆ. ಇದ್ದಕ್ಕಿದ್ದಂಗೆ ಲಾರಿ ಹೊಟ್ಟೆಯೊಳಗಿಂದ "ಹುಸ್ಸ್" ಅಂತ ಉದ್ದಕ್ಕೆ ಒಂದು ನಿಟ್ಟುಸಿರು. ಯಜಮಾನರು ಹೋಗಿದ್ದೂ ಇದೇ ಹೊತ್ತಲ್ಲಿ. ಸುಳ್ಳು ಯಾಕೆ ಹೇಳ್ಲಿ, ಕೈ ಮೇಲಿನ ಕೂದಲು ನೆಟ್ಟಗಾಯ್ತು.

ಆಮೇಲೆ ತಲೆ ಓಡ್ತು. ಇಂಜಿನ್ ತುಕ್ಕು ಹಿಡೀಬಾರ್ದು ಅಂತ ಮಗ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿ ಡ್ಯೂಟಿಗೆ ಹೋಗ್ತಿದ್ದ. ಆಗ ಬ್ರೇಕಿನ ಗಾಳಿ ಟ್ಯಾಂಕ್ ತುಂಬಿಕೊಳ್ಳೋದು. ವಾಲ್ವಿನ ರಬ್ಬರ್ ಒಣಗಿತ್ತು. ಮಧ್ಯಾಹ್ನದವರೆಗೆ ಗಾಳಿ ಸ್ವಲ್ಪ ಸ್ವಲ್ಪ ಸೋರಿ, ಕೊನೆಗೆ ಆ ರಬ್ಬರ್ ಜಾಗ ಬಿಟ್ಟು ಉಳಿದಿದ್ದೆಲ್ಲ ಒಂದೇ ಸಲ ಹೊರಗೆ ಹೋಗೋದು. ರಬ್ಬರ್ ಬದಲಾಯಿಸಿದೆ. ಉಸಿರು ನಿಂತುಹೋಯ್ತು.

ಮಾರನೇ ದಿನ ದೊಡ್ಡಮ್ಮ ನನ್ನ ಶೆಡ್ಡಿಗೇ ಬಂದು ನಿಂತ್ರು. ಕಣ್ಣು ಕೆಂಪಗಿತ್ತು.

"ಹಳೇ ರಬ್ಬರ್ ಇದ್ರೆ ವಾಪಸ್ ಹಾಕಪ್ಪಾ. ಉಂಡ ಮೇಲೆ ಒಂದು ಉಸಿರು ಬಿಡೋಕೂ ಅವರು ನಿನ್ನ ಕೇಳ್ಬೇಕಾ?"

ಕೀ ಕೈಯಲ್ಲಿದೆ

ಮಾರ್ಗಳಿ ತಿಂಗಳು, ಧನುರ್ಮಾಸದ ಚಳಿ ಬೆಳಗ್ಗೆ. ನಮ್ಮ ಕಡೆ ಮಂಜು ಬಿದ್ರೆ ಎದುರಿಗೆ ಬಂದೋನು ಮೂಗಿಗೆ ತಾಗೋವರೆಗೂ ಕಾಣಲ್ಲ. ಮಗ ಓಡಿಬಂದ. "ಅಣ್ಣಾ, ನಿಲ್ತಾ ಇಲ್ಲ" ಅಂದ.

ಹೋಗಿ ನೋಡಿದೆ. ಬಿಳೀ ಮಂಜಿನೊಳಗೆ ಲಾರಿ ಗುಡುಗುಡು ಅಂತ ಓಡ್ತಾ ಇದೆ, ಕ್ಯಾಬಿನ್ ಖಾಲಿ. ಸ್ಟೀರಿಂಗ್ ಚಕ್ರ ಸಣ್ಣಗೆ ನಡುಗ್ತಿದೆ, ಯಾರೋ ಹಿಡ್ಕೊಂಡು ಕೂತಂಗೆ. ಕೀ ಮಗನ ಕೈಯಲ್ಲಿದೆ. ಬ್ಯಾಟರಿಯನ್ನೇ ಬಿಚ್ಚಿ ನೆಲದ ಮೇಲೆ ಇಟ್ಟಿದಾನೆ, ಆದರೂ ಓಡ್ತಿದೆ. ಪಕ್ಕದ ಮನೆಯೋರು ಕರ್ಪೂರ ತಂದು ನಿಂತಿದ್ರು.

"ನಮ್ಮ ಫ್ಯಾಕ್ಟ್ರೀಲಿ ಮೇನ್ ಆಫ್ ಮಾಡಿದ್ರೆ ಎಲ್ಲಾ ನಿಂತೋಗ್ತದೆ ಅಣ್ಣಾ" ಅಂದ ಮಗ.

"ಇದು ನಿಮ್ಮ ಫ್ಯಾಕ್ಟ್ರಿ ಅಲ್ಲ ಕಣ್ಲಾ. ಹಳೇ ಡೀಸೆಲ್ ಇಂಜಿನ್‌ಗೆ ಒಂದು ಸಲ ಸ್ಟಾರ್ಟ್ ಆದ್ಮೇಲೆ ಕರೆಂಟು ಬೇಕಾಗಿಲ್ಲ. ಡೀಸೆಲ್ ಇದ್ರೆ, ಗಾಳಿ ಇದ್ರೆ ಓಡ್ತಾನೇ ಇರುತ್ತೆ."

ಅದನ್ನ ನಿಲ್ಲಿಸೋಕೆ ಡೀಸೆಲ್ ತಡೆಯೋ ಒಂದು ವಯರು ಎಳೀಬೇಕು. ಆ ವಯರು ತುಂಡಾಗಿತ್ತು. ಬಾನೆಟ್ ಎತ್ತಿ, ಡೀಸೆಲ್ ಪಂಪಿನ ಪಕ್ಕದ ಪುಟ್ಟ ಲಿವರನ್ನ ಕೈಯಲ್ಲೇ ಒತ್ತಿ ಹಿಡಿದೆ. ಲಾರಿ ಎರಡು ಸಲ ಕೆಮ್ಮಿ ಸುಮ್ಮನಾಯ್ತು. ವಯರನ್ನೂ ಹೊಸದು ಹಾಕ್ದೆ.

ನೋಡಿದ್ರಾ ದೊಡ್ಡಮ್ಮ, ಇದರಲ್ಲಿ ಏನೂ ಇಲ್ಲ ಅಂತ ತಿರುಗಿದ್ರೆ ಅವರ ಮುಖದಲ್ಲಿ ನಗು.

"ಬಾಯಲ್ಲಿ ಹೇಳಿದ್ರೆ ಯಾವತ್ತು ನಿಂತಿದ್ರು ಅವರು? ಕೈಹಿಡ್ದು ಅದುಮಿ ಕೂರಿಸಬೇಕಿತ್ತು. ನಿನಗೆ ಹೆಂಗಪ್ಪಾ ಗೊತ್ತಾಯ್ತು?"

ಬೀಡಿ

ಮೂರನೇದು ನನ್ನನ್ನ ನಿಜವಾಗ್ಲೂ ಹೆದರಿಸ್ತು. ಸಾಯಂಕಾಲ ಬೀಗ ಹಾಕಿದ್ದ ಕ್ಯಾಬಿನ್ ತೆಗೆದೆ, ಒಳಗೆಲ್ಲ ಬೀಡಿ ವಾಸನೆ. ಯಜಮಾನರು ಸೇದ್ತಿದ್ದ ಬೀಡಿದೇ. ಡ್ರೈವರ್ ಸೀಟ್ ಮುಟ್ಟಿದ್ರೆ ಬೆಚ್ಚಗಿದೆ. ನಾನು ಕೆಳಗಿಳಿದು ಮರದ ಕಡೆಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ನಿಂತೆ. ನನ್ನ ಕುಲದೇವರ ಹೆಸರು ಬಾಯಿಗೆ ಬಂತು.

ವಯರಿಂಗ್ ಸುಡ್ತಿರಬೇಕು ಅಂತ ಅಂದ್ಕೊಂಡೆ. ಹಳೇ ವಯರಿಗೆ ನೂಲು ಸುತ್ತಿರ್ತಾರೆ, ಸುಟ್ರೆ ಹೆಚ್ಚುಕಮ್ಮಿ ಅದೇ ವಾಸನೆ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿದೆ, ಒಂದು ವಯರೂ ಕಪ್ಪಾಗಿರಲಿಲ್ಲ. ಬೆವರು ಒರೆಸ್ಕೊಂಡು ಕೂತಾಗ ದೊಡ್ಡಮ್ಮ ಬಂದ್ರು, ಸೆರಗಿನ ಗಂಟಿಂದ ಬೀಗದ ಕೈ ತೆಗೆದ್ರು, ಸೊಂಟದಿಂದ ಬೀಡಿ ಕಟ್ಟು ತೆಗೆದ್ರು.

"ನೀವಾ?"

"ಅವರಿಗೆ ಈಗ ಕೈ ಇಲ್ವಲ್ಲಪ್ಪಾ, ಯಾರು ಹಚ್ಚಿಕೊಡ್ತಾರೆ? ದಿನಾ ಒಂದು ಹಚ್ಚಿ, ಈ ಸೀಟಲ್ಲೇ ಸ್ವಲ್ಪ ಹೊತ್ತು ಜೊತೇಲಿ ಕೂತಿದ್ದು ಹೋಗ್ತೀನಿ."

ಹಚ್ಚಬೇಕಾದ್ರೆ ಸೇದಬೇಕಲ್ವಾ ದೊಡ್ಡಮ್ಮ ಅಂದೆ.

"ಒಂದೆರಡು ದಮ್ಮು" ಅಂದ್ರು. ಕಟ್ಟು ನೋಡಿದ್ರೆ ಅರ್ಧ ಖಾಲಿ.

ಹೋಗಿ ಬನ್ನಿ

ಇನ್ನು ಹೇಳಲೇಬೇಕಾಗಿ ಬಂತು. ಜಗಲಿ ಮೇಲೆ ಕೂತು, ತಲೆ ತಗ್ಗಿಸ್ಕೊಂಡು, "ಎಲ್ಲಾ ನೋಡಿದೆ ದೊಡ್ಡಮ್ಮ, ಒಳಗೆ ಯಾರೂ ಇಲ್ಲ" ಅಂದೆ. ಅವರು ಜಗಳ ಆಡ್ತಾರೆ ಅಂದ್ಕೊಂಡಿದ್ದೆ. ಆಡಲಿಲ್ಲ. "ಸರಿ ಬುಡು" ಅಂದು ಒಳಗೆ ಹೋದ್ರು.

ಗುಜರಿಯೋರು ಕೃಷ್ಣಗಿರಿಯಿಂದ ಒಬ್ಬ ತಮಿಳು ಡ್ರೈವರನ್ನ ಕಳಿಸಿದ್ರು. ಆವತ್ತೂ ಮಂಜು. ದೊಡ್ಡಮ್ಮ ಬಾನೆಟ್‌ಗೆ ಕುಂಕುಮ ಇಟ್ರು. ನಮ್ಮಲ್ಲಿ ಹೊರಟೋರಿಗೆ ಬರೀ ಹೋಗಿ ಅನ್ನೋಲ್ವಲ್ಲ, ಹಂಗೇ ಲಾರಿಗೂ ಅಂದ್ರು: "ಮುಂದೆ ನೋಡ್ಕೊಂಡು ಹೋಗಿ ಬನ್ನಿ." ಮಗ ಆ ಕಡೆ ತಿರುಗಿ ನಿಂತ.

ಮನೆಯಿಂದ ರಸ್ತೆಗೆ ಏರು. ಲಾರಿ ಏರು ಹತ್ತಿ ಮಂಜಿನೊಳಗೆ ಕಾಣದಂಗಾಯ್ತು. ಸದ್ದು ನಿಂತೋಯ್ತು. ಒಂದು ಗಳಿಗೆ ಏನೂ ಇಲ್ಲ. ಮತ್ತೆ ಸದ್ದು ಬಂತು, ಆದರೆ ಅದು ಬೇರೆ ಸದ್ದು, ಗಂಟಲು ಕಟ್ಟಿದಂಥದ್ದು. ಮಂಜು ಸೀಳ್ಕೊಂಡು ಲಾರಿ ಹಿಂದುಹಿಂದಕ್ಕೇ ಇಳೀತಾ ಬಂತು. ಹೊಗೆ ಸೈಲೆನ್ಸರಿಂದ ಬರ್ತಿಲ್ಲ, ಮೂತಿಯಿಂದ ಬರ್ತಿದೆ. ಡ್ರೈವರ್ ಗೇರ್ ಹಾಕ್ತಾನೇ ಇದಾನೆ. ಫಸ್ಟ್ ಹಾಕಿದ, ಹಿಂದಕ್ಕೆ ಬಂತು. ಸೆಕೆಂಡ್ ಹಾಕಿದ, ಇನ್ನೂ ಜೋರಾಗಿ ಹಿಂದಕ್ಕೆ ಬಂತು. ರಿವರ್ಸ್ ಹಾಕಿದ್ರೆ ಮುಂದಕ್ಕೆ ಹೋಯ್ತು. ಕೊನೆಗೆ ಹುಣಸೆ ಮರದ ಕೆಳಗೆ, ಅದೇ ಹಳೇ ಜಾಗದಲ್ಲಿ ಹೆಂಗೋ ಬ್ರೇಕ್ ಹಾಕಿ ಕೆಳಗೆ ಹಾರಿದ.

"ವಂಡಿ ಇಲ್ಲಣ್ಣಾ, ಪೇಯ್" ಅಂದ, ಇದು ಗಾಡಿ ಅಲ್ಲ, ದೆವ್ವ ಅಂತ. "ಪೇಯ್‌ಗೆ ಪಾದ ಹಿಂದಕ್ಕಿರುತ್ತೆ. ಇದಕ್ಕೆ ಗೇರೂ ಹಿಂದಕ್ಕಿದೆ." ಚಪ್ಪಲಿ ಅಲ್ಲೇ ಬಿಟ್ಟು ಹೋಗ್ಬುಟ್ಟ.

ನಾನು ಹತ್ತಿ ವಯರು ಎಳೆದು ಇಂಜಿನ್ ನಿಲ್ಲಿಸ್ದೆ. ಮಗನ ತುಟಿ ಬೆಳ್ಳಗಾಗಿತ್ತು. "ಇದಕ್ಕೂ ಕಾರಣ ಇದೆಯಾ ಅಣ್ಣಾ?"

ಇತ್ತು. ನಿಧಾನಕ್ಕೆ ಹೇಳ್ದೆ. ಏರಲ್ಲಿ ಇಂಜಿನ್ ಆಫ್ ಆಗಿದೆ, ಗೇರಲ್ಲಿರೋವಾಗಲೇ ಲಾರಿ ಹಿಂದಕ್ಕೆ ಜಾರಿದೆ, ಚಕ್ರ ಇಂಜಿನನ್ನ ಉಲ್ಟಾ ತಿರುಗಿಸಿದೆ. ಇಂಥ ಹಳೇ ಇಂಜಿನ್ ಉಲ್ಟಾ ತಿರುಗಿದ್ರೂ ಸ್ಟಾರ್ಟ್ ಆಗುತ್ತೆ. ಆಗ ಗಾಳಿ ಎಳೆಯೋ ಕಡೆಯಿಂದ ಹೊಗೆ ಬರುತ್ತೆ, ಗೇರೆಲ್ಲ ತಿರುಗುಮುರುಗು. ನೂರಕ್ಕೊಂದು ಲಾರಿ ಹಿಂಗೆ ಮಾಡೋದನ್ನ ಕೇಳಿದ್ದೆ, ಕಣ್ಣಾರೆ ನೋಡಿದ್ದು ಆವತ್ತೇ.

ಮಗ ಪೂರ್ತಿ ಕೇಳ್ದ. ಗುಜರಿಯೋರಿಗೆ ಫೋನ್ ಮಾಡಿ, "ಗಾಡಿ ಕೊಡಲ್ಲ" ಅಂದ. ನನ್ನ ಕಡೆ ತಿರುಗಿ, "ಕಾರಣ ಇರ್ಲಿ ಅಣ್ಣಾ, ಅಪ್ಪಾನೂ ಇರ್ಲಿ. ಮಾವಿನ ಲೋಡಿಗೆ ರೆಡಿ ಮಾಡ್ಕೊಡಿ" ಅಂದ.

ದೊಡ್ಡಮ್ಮ ಬಂದು ಬಿಸಿ ಬಾನೆಟ್ ಮೇಲೆ ಕೈಯಿಟ್ರು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಹಳೇ ಸಿಟ್ಟು.

"ನೀನು ಸುಳ್ಳು ಹೇಳಲ್ಲ ಕಣಪ್ಪಾ, ಆದ್ರೆ ಇವರ ಜೊತೆ ಸಂಸಾರ ಮಾಡಿದೋಳು ನಾನು. ಮುಂದಕ್ಕೆ ನಡೀರಿ ಅಂದಾಗೆಲ್ಲ ಹಿಂದಕ್ಕೆ ಬಂದು, ಮೂತಿಯಿಂದ ಹೊಗೆ ಬಿಡ್ಕೊಂಡು ಇದೇ ಮರದ ಕೆಳಗೆ ಕೂರ್ತಿದ್ದೋರು ಅವರಲ್ದೆ ಇನ್ಯಾರು?"