ರುಮಾಲು ಹಾರಿದರೆ ಐವತ್ತು

ಡ್ರೈವರನಾದವನು ಸುಮ್ಮನೆ ಕೂತರೂ ಒಂದಿಲ್ಲೊಂದು ಫಜೀತಿ ತಾನಾಗಿ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತದೆ. ಕಾಲುವೆ ತೋಡುವ ಕಾಲದಲ್ಲಿ ನಾನು ಸಿಂಧನೂರಿನಲ್ಲಿ ಸರ್ಕಾರಿ ಜೀಪು ಓಡಿಸುತ್ತಿದ್ದೆ. ಬಳಗಾನೂರಿನ ಕಡೆ ಒಂದು ಹಳೇ ವಿಮಾನದ ಬಯಲಿತ್ತು. ನಿಜಾಮರ ಕಾಲದ್ದಂತೆ, ವಿಮಾನ ಇಳಿದದ್ದನ್ನು ಕಂಡವರು ಮಾತ್ರ ಯಾರೂ ಸಿಕ್ಕಿಲ್ಲ. ರವಿವಾರ ನಾವು ಡ್ರೈವರುಗಳು ಅಲ್ಲಿ ಸೇರಿ ಯಾರ ಗಾಡಿ ಹೆಚ್ಚು ಜೋರು ಓಡುತ್ತದೆಂದು ನೋಡುತ್ತಿದ್ದೆವು. ಒಮ್ಮೆಯಾದರೂ ಗಂಟೆಗೆ ಅರವತ್ತು ಮೈಲಿ ಮುಟ್ಟಬೇಕೆಂದು ನನಗೆ ವಿಪರೀತ ಆಸೆ. ಆ ಬಯಲು ನೆನಪಾದರೆ ಈಗಲೂ ಬಲಗಾಲು ನೆಲ ಒತ್ತುತ್ತದೆ.

೧. ರುಮಾಲಿನ ಮೀಟರು

ನಮ್ಮ ಜೀಪುಗಳ ಮೀಟರು ಸತ್ತು ಎಷ್ಟೋ ಕಾಲವಾಗಿತ್ತು. ಹಾಗಾಗಿ ನಮ್ಮದೇ ಒಂದು ಲೆಕ್ಕ. ಹಿಂದೆ ಕೂತವನ ಹೆಗಲ ಟವಲು ಹಾರಿದರೆ ನಲವತ್ತು, ತಲೆಯ ರುಮಾಲು ಹಾರಿದರೆ ಐವತ್ತು. ಕಚೇರಿಯ ಚೌಕಿದಾರನೇ ನಮ್ಮ ಖಾಯಂ ಮೀಟರು. ಒಂದು ರವಿವಾರ ಜೀವದ ಹಂಗು ಬಿಟ್ಟು ಓಡಿಸಿ, ತುದಿ ಮುಟ್ಟಿ ತಿರುಗಿ ನೋಡಿದರೆ ರುಮಾಲು ತಲೆಯ ಮೇಲೇ ಇದೆ! ಗಾಡಿ ಕೆಟ್ಟಿತೆಂದು ಬಾನೆಟ್ ಎತ್ತಿ ಪ್ಲಗ್ಗು ಬಿಚ್ಚತೊಡಗಿದೆ.

ಚೌಕಿದಾರ ಮೆಲ್ಲಗೆ ಹೇಳಿದ: "ಗಾಡಿ ಚಲೋ ಐತ್ರಿ. ರುಮಾಲು ಹೊಸಾದು, ಮದುವ್ಯಾಗ ಬೀಗರು ಸುತ್ತ್ಯಾರ. ಹಾರಿದ್ರ ಮನ್ಯಾಗ ಬಿಡಂಗಿಲ್ಲಂತ ಎರಡೂ ಕೈಲೆ ಹಿಡ್ಕೊಂಡಿದ್ನಿ."

೨. ಕುರಿ ಕಾಯುವ ಯಜ್ಜ

ಇನ್ನೊಮ್ಮೆ ಬಯಲಿನ ತುಂಬ ಕುರಿ. ಕುರಿ ಕಾಯುವ ಯಜ್ಜನಿಗೆ ಕೈಮುಗಿದು, ಸ್ವಲ್ಪ ದಾರಿ ಬಿಡು ಎಂದೆ.

"ಅಷ್ಟು ಗಡಬಡಿಲೆ ಎಲ್ಲಿಗೆ ಹೊಂಟೀರಿ?"

"ಆ ತುದೀಗೆ, ಯಜ್ಜಾ."

"ಅಲ್ಲೇನೈತಿ?"

"ಏನಿಲ್ಲ. ತಿರುಗಿ ಇಲ್ಲಿಗೇ ಬರೋದು."

ಯಜ್ಜ ನಮ್ಮನ್ನೂ ಜೀಪನ್ನೂ ಮರುಕದಿಂದ ನೋಡಿದ. "ಹಂಗಾರ ಆಗ್ಲೇ ಬಂದಬಿಟ್ಟೀರಲ್ಲೋ ತಮ್ಮಾ. ಕುಂದರ್ರಿ."

೩. ಅರವತ್ತು

ಬಯಲಿಗೂ ಕಾಲುವೆ ನೀರು ಬಿಡುವುದೆಂದಾಯಿತು. ಅರ್ಧ ಬಯಲಿಗೆ ಆಗಲೇ ಗದ್ದೆಯ ಬದು ಹಾಕಿದ್ದರು. ನೀರು ತರಲು ದುಡಿದವರು ನಾವೇ. ಬೇಡವೆನ್ನಲು ಬಾಯಿ ಎಲ್ಲಿದೆ?

ಅದೇ ವಾರ ಲಿಂಗಸುಗೂರಿನಿಂದ ಹೊಸ ಜೀಪು ತರಲು ನನ್ನನ್ನೂ ಗಾಡಿ ರಿಪೇರಿಯ ನಮ್ಮ ಮಿಸ್ತ್ರಿಯನ್ನೂ ಕಳಿಸಿದರು. ಮೀಟರು ಜೀವಂತ! ಬರುವಾಗ ಮಸ್ಕಿಯ ತವರಿನಲ್ಲಿದ್ದ ಹೆಂಡತಿಯನ್ನು ಹತ್ತಿಸಿಕೊಂಡು, ಗಾಡಿಯನ್ನು ನೇರ ಬಯಲಿಗೆ ತಿರುಗಿಸಿದೆ.

ಉಳಿದಿದ್ದ ಅರ್ಧ ಬಯಲಿನಲ್ಲಿ ಕಾಲು ಪೂರಾ ಒತ್ತಿದೆ. ಬದು ಎದುರಿಗೆ ಬರುವ ಹೊತ್ತಿಗೆ ಮುಳ್ಳು ಅರವತ್ತು ಮುಟ್ಟಿತು. ಬ್ರೇಕು ಹಾಕಿ, "ನೋಡಿದ್ಯಾ? ಅರವತ್ತು!" ಎಂದೆ. ಕಣ್ಣಲ್ಲಿ ನೀರು. ಆಕೆ ಚಪ್ಪಾಳೆ ತಟ್ಟಿದಳು.

ಮಿಸ್ತ್ರಿ ಬಗ್ಗಿ ಮೀಟರು ನೋಡಿದ. "ಲೇ, ಇದು ಮೈಲೀದಲ್ಲ, ಹೊಸಾ ಕಿಲೋಮೀಟರಿಂದು. ಮೈಲಿ ಲೆಕ್ಕಕ್ಕ ನಲವತ್ತೂ ಆಗಿಲ್ಲ."

ನನ್ನ ಮುಖ ಸಣ್ಣದಾಯಿತು. ಮುಂದಿನ ಹಂಗಾಮಿಗೆ ಅಲ್ಲಿ ಭತ್ತ ನಿಂತಿತು. ಅರವತ್ತು ಮೈಲಿ ನನಗೆ ಸಿಗಲೇ ಇಲ್ಲ. ಹೆಂಡತಿಯೂ ತೀರಿಹೋಗಿ ಬಹಳ ವರ್ಷವಾಯಿತು. ಬಯಲಿಗಿಂತ ಆಕೆಯೇ ಈಗ ಹೆಚ್ಚು ಬೇಕೆನಿಸುತ್ತಾಳೆ. ಅಂದು ನನ್ನ ಮುಖ ನೋಡಲಾಗದೆ ಮಿಸ್ತ್ರಿಯನ್ನೇ ತರಾಟೆಗೆ ತೆಗೆದುಕೊಂಡಿದ್ದಳು.

"ಅಣ್ಣಾ, ಮುಳ್ಳು ಅರವತ್ತಕ್ಕ ಹೋಗಿತ್ತೋ ಇಲ್ಲೋ?"

"ಹೋಗಿತ್ತವ್ವಾ."

"ಮತ್ತ ಬಾಯಿ ಮುಚ್ಚು. ನಮ್ಮ ಮನಿಯವ್ರು ಅರವತ್ತು ಮುಟ್ಯಾರ. ಅದು ಮೈಲೋ ಕಿಲೋಮೀಟರೋ, ಸರ್ಕಾರ ನೋಡ್ಕೊಳ್ಳಲಿ!"