ಅತ್ತೆಯ ಇಂಗ್ಲಿಷು, ಮಾವನ ಹೊದಿಕೆ

ಆ ದಿನ ಕುಮಟಾದ ಆಸ್ಪತ್ರೆಯ ಕೋಣೆಯಲ್ಲಿ ಇದ್ದವರು ಮೂವರು: ನ್ಯುಮೋನಿಯಾ ಆಗಿ ಮಲಗಿದ್ದ ಮಾವ, ಬಾಗಿಲಿಗೆ ಒರಗಿ ನಿಂತ ನಾನು, ಮತ್ತು ಇಂಗ್ಲಿಷಿನ ಒಂದಕ್ಷರ ಓದಲು ಬಾರದಿದ್ದರೂ ಇಂಗ್ಲಿಷ್ ಪೂರಾ ಬರುವ ನಮ್ಮತ್ತೆ.

ನಂಬುವುದಿಲ್ಲವೇ? ಹಿಂದೊಮ್ಮೆ ಭಟ್ಕಳದ ಬಸ್ಸಿನಲ್ಲಿ ಪರದೇಶದ ಹೆಂಗಸೊಬ್ಬಳು ಗಂಡನನ್ನು ತೋರಿಸಿ, "ಹೀ ಈಸ್ ಗೋಯಿಂಗ್ ಟು ಥ್ರೋ ಅಪ್" ಎಂದಳು. ಥ್ರೋ ಎಂದರೆ ಎಸೆ, ಅಪ್ ಎಂದರೆ ಮೇಲೆ. ಪದವೀಧರನಾದ ನಾನು ಎದ್ದು, ಅವನ ಚೀಲವನ್ನು ಮೇಲಿಡಲು ಕೈ ಚಾಚಿದೆ. ಅಷ್ಟರಲ್ಲಿ ಅತ್ತೆ, ವಾಂತಿಗೆ ಬಾಗಿದ ಅವನ ಬಾಯಿಗೆ ಪ್ಲಾಸ್ಟಿಕ್ ಚೀಲ ಹಿಡಿದು, ಬೆನ್ನು ಸವರುತ್ತಿದ್ದಳು. ನನ್ನ ಅಂಗಿ ಉಳಿದದ್ದು ಅವಳ ಇಂಗ್ಲಿಷಿನಿಂದ.

"ನಿಂಗೆ ಹ್ಯಾಂಗೆ ಗೊತ್ತಾತು?"

"ಅಂವನ ಮುಖ ನೋಡಿದ್ರೆ ಗೊತ್ತಾಗೂದಿಲ್ಲನಾ ತಮಾ? ನೀನು ಒಂದೊಂದೇ ಶಬ್ದ ಬಿಡಸ್ತೆ. ನಾನು ನಿನ್ನ ತಲೆ ತಿಂತೆ ಅಂದ್ರೆ ಉಪ್ಪು-ಹುಳಿ ಹಾಕ್ತ್ನಾ?"

ಇಂಥ ಅತ್ತೆಯ ಎದುರಲ್ಲೇ, ಕೋಣೆಗೆ ಬಂದ ಡಾಕ್ಟರರಿಬ್ಬರು ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. "ಹೀ ಮೇ ನಾಟ್ ಪುಲ್ ಥ್ರೂ" ಎಂದರು ದೊಡ್ಡವರು. ಪುಲ್ ಎಂದರೆ ಎಳೆ. ಮೂಗಿನ ನಳಿಗೆಯನ್ನು ಸದ್ಯ ಎಳೆಯುವುದಿಲ್ಲ ಎಂದು ನನ್ನ ಲೆಕ್ಕ! ಬದುಕಿ ಉಳಿಯುವುದು ಅನುಮಾನ ಎಂಬ ಅರ್ಥವನ್ನು ಆಮೇಲೆ ಮೊಬೈಲು ಹೇಳಿತು. ಅತ್ತೆಗೆ ಆಗಲೇ ಗೊತ್ತಾಗಿತ್ತು. ಹೇಳುವಾಗ ಡಾಕ್ಟರರು ಮಾವನನ್ನು ಬಿಟ್ಟು ಕಿಟಕಿ ನೋಡಿದ್ದರಲ್ಲ.

"ಎಂತ ಅಂದ್ರು?" ಮಾವ ಕೇಳಿದರು.

"ಔಷಧಿ ಬದಲಾಯಸ್ತ್ರಂತೆ. ಬೇಗ ಮನೆಗೆ ಹೋಗೂದಂತೆ" ಎಂದು ಅತ್ತೆ ಅವರ ಹೊದಿಕೆ ಸರಿಮಾಡಿ, ಗಂಜಿಯ ತಾಟು ತೊಳೆಯಲು ಹೋದಳು.

ಮಾವ ನನ್ನನ್ನು ಹತ್ತಿರ ಕರೆದರು. "ತಮಾ, ನಂದು ಅಷ್ಟು ಚಲೋ ಇಲ್ಲ ಕಾಣ್ತದೆ. ನಿನ್ನತ್ತೆ ಸರಿ ಇದ್ದ ಹೊದಿಕೇನೇ ಮತ್ತೆ ಸರಿಮಾಡ್ತು."

"ನಿಮಗೆ ಹಾಗೆ ಅನ್ನಿಸ್ತದೆ ಅಷ್ಟೇ ಮಾವ."

"ನೋಡಿ ತಿಳಿಯೂದು ನಿನ್ನತ್ತೆ ಹತ್ರವೇ ಕಲ್ತದ್ದು ಮಾರಾಯಾ. ನಂಗೆ ಗೊತ್ತಾಯ್ತು ಅಂತ ಅದಕ್ಕೆ ಹೇಳ್ಬೇಡ."

ಔಷಧಿಯನ್ನು ನಿಜವಾಗಿಯೂ ಬದಲಾಯಿಸಿದರು. ಕೆಲವು ದಿನ ಕಳೆದ ಮೇಲೆ ಅದೇ ದೊಡ್ಡ ಡಾಕ್ಟರರು ಬಂದು, ಅಚ್ಚ ಕನ್ನಡದಲ್ಲಿ, "ಹುಷಾರಾಗಿದ್ದಾರೆ. ನಾಳೆ ಮನೆಗೆ ಕರ್ಕೊಂಡು ಹೋಗಿ" ಎಂದರು.

ಅತ್ತೆ ಅವರ ಮುಖವನ್ನೇ ನೋಡುತ್ತ ನಿಂತಳು. "ಎಂತ ಹೇಳಿದ್ರಿ?"

ಡಾಕ್ಟರರು ಮತ್ತೆ ಹೇಳಿದರು.

"ಇನ್ನೊಂದ್ಸಲ ಹೇಳಿ. ನಂಗೆ ಅರ್ಥ ಆಗ್ಲಿಲ್ಲ."

ಅವರು ಇನ್ನೊಂದು ಸಲ ಹೇಳಿದರು. ಮಾವ ಹೊದಿಕೆ ಸರಿಸಿ, ಕಾಲು ಕೆಳಗಿಟ್ಟು, ಅತ್ತೆಗೆ ಕೂರಲು ಮಂಚದಲ್ಲಿ ಜಾಗ ಮಾಡಿಕೊಟ್ಟರು.